ಹಳೇ ಕಾಯ್ದೆ ಹೋಯ್ತು, ನನ್ನ ಅರ್ಜಿ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತಾಗ ಒಂದು ವಿಷಯ ಎದ್ದು ಕಂಡಿತು. ಊರು ಬೇರೆ, ಕೆಲಸ ಬೇರೆ. ಆದರೆ ಕೌಂಟರ್‌ನಲ್ಲಿ ಹೆಚ್ಚಿನವರಿಗೆ ಸಿಕ್ಕಿರುವ ಉತ್ತರ ಒಂದೇ: 'ಆ ಕಾನೂನು ಈಗ ಇಲ್ಲರೀ.' ಬೆಳಗಾವಿ ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಈ ಮಾತು ಹೊಸದಲ್ಲ. ಹಾಗಾಗಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇನೆ.

ಗೋಕಾಕದಿಂದ ಒಬ್ಬ ಗುತ್ತಿಗೆದಾರರು: ವಕೀಲರೇ, 2019ರಲ್ಲಿ ನನ್ನ ಬಿಲ್ ಪಾಸ್ ಮಾಡಲು ಒಬ್ಬ ಎಂಜಿನಿಯರ್ ದುಡ್ಡು ಕೇಳಿದರು. ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳಕ್ಕೆ) ದೂರು ಕೊಟ್ಟೆ. ಟ್ರ್ಯಾಪ್ ಆಯಿತು, ಪುಡಿ ಸವರಿದ ನೋಟು ಕೊಟ್ಟು ಅವರನ್ನು ಹಿಡಿದರು. ಅವರ ಕೈ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಎಸಿಬಿಯೇ ಮುಚ್ಚಿತು. ನನ್ನ ಕೇಸೂ ಮುಚ್ಚಿತಾ? 'ಕೋರ್ಟೇ ಎಸಿಬಿ ತಪ್ಪು ಅಂದ ಮೇಲೆ ಅದು ಹಿಡಿದದ್ದೂ ತಪ್ಪು' ಅಂತ ಆ ಕಡೆಯವರು ಹೇಳಿಕೊಂಡು ಓಡಾಡ್ತಿದ್ದಾರೆ.

ಓಡಾಡಲಿ ಬಿಡಿ. ನಿಮ್ಮ ಕೇಸ್ ಮುಚ್ಚಿಲ್ಲ. ಎಸಿಬಿ ಹುಟ್ಟಿದ್ದು ಯಾವ ಕಾಯ್ದೆಯಿಂದಲೂ ಅಲ್ಲ. 2016ರ ಮಾರ್ಚ್ 14ರ ಒಂದು ಸರ್ಕಾರಿ ಆದೇಶದಿಂದ. ಅದೇ ಹೊತ್ತಿಗೆ ಲೋಕಾಯುಕ್ತ ಪೊಲೀಸರಿಗಿದ್ದ ತನಿಖೆಯ ಅಧಿಕಾರವನ್ನು ಕಿತ್ತು ಎಸಿಬಿಗೆ ಕೊಟ್ಟರು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೇ ವಾಪಸ್ ಕೊಟ್ಟಿತು. ಎಸಿಬಿಯಲ್ಲಿ ಬಾಕಿ ಇದ್ದ ತನಿಖೆಗಳೆಲ್ಲ ಲೋಕಾಯುಕ್ತಕ್ಕೆ ಹೋಗಬೇಕು ಅಂತ ಅದೇ ತೀರ್ಪಿನಲ್ಲಿದೆ.

ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ. ಹಿಡಿದವರು ಯಾರು ಅನ್ನುವುದು ಒಂದು. ಯಾವ ತಪ್ಪಿಗೆ ಹಿಡಿದರು ಅನ್ನುವುದು ಇನ್ನೊಂದು. ತಪ್ಪು ಇರುವುದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ. ಅದು ಅಲ್ಲಾಡಿಲ್ಲ. ಆ ಗುಲಾಬಿ ನೀರು ಇದೆಯಲ್ಲ, ನೋಟಿಗೆ ಸವರಿದ ಫಿನಾಲ್ಫ್ಥಲೀನ್ ಪುಡಿ ಕೈಗೆ ಹತ್ತಿ, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಬಣ್ಣ ಬಿಟ್ಟಿದ್ದು. ಅದನ್ನು ಬಾಟಲಿಗೆ ತುಂಬಿ, ಪಂಚರ (ಸ್ಥಳದ ಸಾಕ್ಷಿಗಳ) ಎದುರು ಅರಗಿನ ಸೀಲ್ ಹಾಕಿರುತ್ತಾರೆ. ಬಾಟಲಿ ಮೇಲಿನ ಚೀಟಿಯಲ್ಲಿ ಎಸಿಬಿ ಅಂತಿದ್ದ ಮಾತ್ರಕ್ಕೆ ಒಳಗಿನ ನೀರಿನ ಬಣ್ಣ ಹೋಗುವುದಿಲ್ಲ, ಅಲ್ವಾ?

ಈಗ ಮಾಡಬೇಕಾದ್ದು ಹೇಳುತ್ತೇನೆ. ಎಫ್‌ಐಆರ್ ಪ್ರತಿ ತೆಗೆದುಕೊಂಡು ಬೆಳಗಾವಿಯ ಲೋಕಾಯುಕ್ತ ಎಸ್‌ಪಿ ಕಚೇರಿಗೆ ಹೋಗಿ. ಕ್ರೈಂ ನಂಬರ್ ಹೇಳಿ, ದೋಷಾರೋಪ ಪಟ್ಟಿ ಹೋಗಿದೆಯಾ, ಹೋಗಿದ್ದರೆ ವಿಶೇಷ ಕೋರ್ಟಿನ ಕೇಸ್ ನಂಬರ್ ಏನು ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಇಂಥ ಕೇಸ್ 2 ವರ್ಷದೊಳಗೆ ಮುಗಿಯಬೇಕು ಅಂತ 2018ರ ತಿದ್ದುಪಡಿ ಹೇಳುತ್ತದೆ. ನಮ್ಮ ಕೋರ್ಟ್ ವರಾಂಡದಲ್ಲಿ ಈ ಮಾತು ಹೇಳಿದರೆ ಜನ ನಗುತ್ತಾರೆ, ಅದು ಬೇರೆ ಮಾತು. ಸಾಕ್ಷಿ ಸಮನ್ಸ್ ಬಂದರೆ ತಪ್ಪಿಸಬೇಡಿ. ದೂರುದಾರನೇ ಉಲ್ಟಾ ಹೊಡೆದು ಬಿದ್ದುಹೋದ ಟ್ರ್ಯಾಪ್ ಕೇಸ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪತ್ರದ ಕೊನೆಗೆ ನೀವು ಅಳುಕುತ್ತಾ ಕೇಳಿದ ಇನ್ನೊಂದು ಪ್ರಶ್ನೆ: ಲಂಚ ಕೊಟ್ಟವರನ್ನೂ ಈಗ ಒಳಗೆ ಹಾಕುತ್ತಾರಂತೆ, ಹೌದಾ? ಹೌದು, 2018ರ ಜುಲೈ 26ರಿಂದ ಕೊಡುವುದೂ ನೇರವಾಗಿ ಅಪರಾಧ. ಒತ್ತಾಯಕ್ಕೆ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ಬಚಾವ್. ನೀವು ಮೊದಲೇ ದೂರು ಕೊಟ್ಟು, ಪೊಲೀಸರಿಗೆ ನೆರವಾಗಲು ನೋಟು ಕೊಟ್ಟವರು. ಅದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆರಾಮಾಗಿರಿ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಆಗ ಬರೀ ಅರ್ಜಿ ಕೊಟ್ಟು ಬಂದಿದ್ದು, ಎಫ್‌ಐಆರ್ ಆಗಿಲ್ಲದಿದ್ದರೆ ದಾರಿ ಬದಲಾಗುತ್ತದೆ. 1984ರ ಲೋಕಾಯುಕ್ತ ಕಾಯ್ದೆಯಡಿ ಆರೋಪದ ದೂರಿಗೆ 5 ವರ್ಷದ ಗಡುವು, ಕುಂದುಕೊರತೆ ದೂರಿಗೆ ವಿಷಯ ತಿಳಿದ 6 ತಿಂಗಳ ಗಡುವು. 2019ರದ್ದಕ್ಕೆ ಆ ಬಾಗಿಲು ಮುಚ್ಚಿದೆ. ಆದರೆ ಲಂಚದ ಅಪರಾಧಕ್ಕೆ 7 ವರ್ಷದವರೆಗೆ ಶಿಕ್ಷೆ ಇರುವುದರಿಂದ ಅದಕ್ಕೆ ಕಾಲಮಿತಿ ಇಲ್ಲ. ಲೋಕಾಯುಕ್ತ ಪೊಲೀಸರ ಬಾಗಿಲು ಈಗಲೂ ತಟ್ಟಬಹುದು.

ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ: ಸರ್, ಮನೆ ಉತಾರ (ಆಸ್ತಿ ದಾಖಲೆಯ ನಕಲು) ತೆಗೆಸಲು ಗ್ರಾಮ ಪಂಚಾಯ್ತಿಗೆ ಹೋಗಿದ್ದೆ. ಅಪ್ಪನ ಕಾಲದ ಮನೆಪಟ್ಟಿ ಪಾವತಿ ತೋರಿಸಿದೆ, 1988ರದ್ದು. 'ಇದರ ಮೇಲೆ ಮಂಡಲ ಪಂಚಾಯ್ತಿ, ಬಿಜಾಪುರ ಜಿಲ್ಲೆ ಅಂತ ಐತಿ. ಈಗ ಮಂಡಲವೂ ಇಲ್ಲ, ಆ ಜಿಲ್ಲೆಯೂ ಇಲ್ಲ. ನಡಿಯಂಗಿಲ್ಲ' ಅಂದರು. ಅಜ್ಜನ ಕಾಲದ ಇನ್ನೂ ಹಳೇ ಕಾಗದ ಇದೆ, ಅದರಲ್ಲಿ ಬಾಂಬೆ ಕಾಯ್ದೆ ಅಂತಿದೆ. ಎಲ್ಲ ಒಲೆಗೆ ಹಾಕಬೇಕಾ?

ಒಲೆಗೆ ಹಾಕಬೇಡಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ. ನೀವು ಕಳಿಸಿದ ಝೆರಾಕ್ಸ್ ನೋಡಿದೆ. ನೇರಳೆ ಇಂಕಿನ ಸಿಕ್ಕಾ ಅರ್ಧ ಅಳಿಸಿದೆ, ಆದರೆ ಮನೆ ನಂಬರ್ ಮತ್ತು ನಿಮ್ಮ ತಂದೆಯವರ ಹೆಸರು ಸ್ಪಷ್ಟ ಇದೆ. ನಿಮ್ಮ ಮನೆಯ ಮೂರು ತಲೆಮಾರಿನ ಕಾಗದದಲ್ಲಿ ನಮ್ಮ ಭಾಗದ ಪಂಚಾಯ್ತಿಯ ಇಡೀ ಚರಿತ್ರೆ ಇದೆ.

1956ರ ನವೆಂಬರ್ 1ರವರೆಗೆ ಬೆಳಗಾವಿ, ಬಿಜಾಪುರ ಎರಡೂ ಮುಂಬಯಿ ರಾಜ್ಯದಲ್ಲಿದ್ದವು. ಇಲ್ಲಿ ನಡೆಯುತ್ತಿದ್ದದ್ದು 1933ರ ಬಾಂಬೆ ಗ್ರಾಮ ಪಂಚಾಯ್ತಿ ಕಾಯ್ದೆ. ರಾಜ್ಯ ಬದಲಾದ ಮರುದಿನ ಬೆಳಿಗ್ಗೆ ಆ ಕಾಯ್ದೆ ಮಾಯವಾಗಲಿಲ್ಲ. ಹೊಸದು ಬರುವವರೆಗೆ ಹಳೆಯದೇ ನಡೆಯಲಿ ಅಂತ ರಾಜ್ಯ ಪುನರ್ವಿಂಗಡಣೆ ಕಾಯ್ದೆಯಲ್ಲೇ ಬರೆದಿದ್ದರು. ಮುಂದೆ 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಂಚಾಯ್ತಿ ಕಾಯ್ದೆ ಬಂತು. ಆಮೇಲೆ 1983ರ ಕಾಯ್ದೆ, ಆಗಿನ ಪಂಚಾಯ್ತಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಜೊತೆಗೇ ಜನ ನೆನೆಯುವಂಥದ್ದು. ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಬಂದದ್ದು, ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾದದ್ದು ಅದರಲ್ಲೇ. 1987ರಲ್ಲಿ ಚುನಾವಣೆ ಆಯಿತು. ನಿಮ್ಮ ಪಾವತಿ ಆ ಮಂಡಲದ್ದೇ. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರ ಮೇ 10ರಿಂದ ಈಗಿನ ಪಂಚಾಯತ್ ರಾಜ್ ಕಾಯ್ದೆ. ಇದಕ್ಕೂ ಈಗ 'ಗ್ರಾಮ ಸ್ವರಾಜ್' ಅಂತ ಹೆಸರು ಸೇರಿದೆ. ನಡುವೆ 1997ರ ಆಗಸ್ಟ್ 15ಕ್ಕೆ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಪಾವತಿ ಬರೆದವರಿಗೆ ಇದೆಲ್ಲ ಕನಸು ಬಿದ್ದಿತ್ತಾ?

ಕಾಯ್ದೆಯ ಪುಸ್ತಕವನ್ನು ಎಲ್ಲರೂ ಮುಂದಿನಿಂದ ಓದುತ್ತಾರೆ. ನಾನು ಹಿಂದಿನಿಂದ ಶುರು ಮಾಡುತ್ತೇನೆ. ಕೊನೆಯ ಪುಟಗಳಲ್ಲಿ 'ನಿರಸನ ಮತ್ತು ಉಳಿಸುವಿಕೆ' ಅಂತ ಒಂದು ಕಲಂ ಇರುತ್ತದೆ. ಹೆಸರು ಕೇಳಿದರೇ ನಿದ್ದೆ ಬರುತ್ತದೆ, ಆದರೆ ನಿಮ್ಮಂಥವರ ಜೀವ ಇರುವುದು ಅದರಲ್ಲೇ. ಹಳೇ ಕಾಯ್ದೆ ರದ್ದಾಯಿತು, ಆದರೆ ಅದರಡಿ ಆಗಿಹೋದ ಕೆಲಸ, ಹಾಕಿದ ತೆರಿಗೆ, ಕೊಟ್ಟ ಆದೇಶ ಹಾಳಾಗುವುದಿಲ್ಲ ಅನ್ನುವುದು ಅದರ ಸಾರ. ಕಾಯ್ದೆಯಲ್ಲಿ ಆ ಮಾತು ಬಿಟ್ಟುಹೋಗಿದ್ದರೂ 1899ರ ಕರ್ನಾಟಕ ಸಾಮಾನ್ಯ ಖಂಡಗಳ ಕಾಯ್ದೆಯ 6ನೇ ಕಲಂ ಇದೇ ರಕ್ಷಣೆ ಕೊಡುತ್ತದೆ. ಕೇಂದ್ರದ ಕಾಯ್ದೆಗಳಿಗಾದರೆ 1897ರದ್ದು. ಹೊಸ ಕಾಯ್ದೆಯೇ ಸ್ಪಷ್ಟವಾಗಿ ಬೇರೆ ಹೇಳಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಆದರೆ ಸುಮ್ನೆ ನಿಮ್ಮನ್ನು ಉಬ್ಬಿಸುವುದಿಲ್ಲ. ಮನೆಪಟ್ಟಿ ಪಾವತಿ ಮಾಲೀಕತ್ವದ ಪತ್ರ ಅಲ್ಲ. 1988ರಲ್ಲೂ ಅಲ್ಲ, ಈಗಲೂ ಅಲ್ಲ. ಆ ಮನೆ ನಿಮ್ಮವರ ಸ್ವಾಧೀನದಲ್ಲಿತ್ತು, ಪಂಚಾಯ್ತಿಯ ಪುಸ್ತಕದಲ್ಲಿತ್ತು ಅನ್ನುವುದಕ್ಕೆ ಒಳ್ಳೇ ಪುರಾವೆ, ಅಷ್ಟೇ. ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ) ನಮೂನೆ 9ರ ಉತಾರ ಬೇಕೆಂದರೆ ಜಾಗ ಗಾವಠಾಣದೊಳಗೆ, ಅಂದರೆ ಊರಿನ ವಸತಿ ಜಾಗದೊಳಗೆ ಇದೆ ಅಥವಾ ಕ್ರಮಬದ್ಧವಾಗಿ ಹಂಚಿಕೆಯಾಗಿದೆ ಅನ್ನುವುದಕ್ಕೆ ಬೇರೆ ದಾಖಲೆ ಬೇಕಾಗುತ್ತದೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅದನ್ನು ಕೇಳಿದರೆ ಕೇಳುವುದು ಸರಿ. 'ಮಂಡಲ ಇಲ್ಲ' ಅನ್ನುವ ಕಾರಣ ಮಾತ್ರ ಸರಿಯಲ್ಲ. ಬೇಡ ಅನ್ನುವುದಾದರೆ ಕಾರಣ ಬರೆದು ಹಿಂಬರಹ ಕೊಡಿ ಅನ್ನಿ. ಬರೆಯಲು ಕೂತಾಗ ಬಹಳಷ್ಟು ಜನಕ್ಕೆ ಕಾನೂನು ನೆನಪಾಗುತ್ತದೆ. ಜೊತೆಗೆ 10 ರೂಪಾಯಿ ಕಟ್ಟಿ, ಆ ವರ್ಷದ ಡಿಮ್ಯಾಂಡ್ ರಿಜಿಸ್ಟರ್‌ನ (ತೆರಿಗೆ ಬೇಡಿಕೆ ಪುಸ್ತಕದ) ನಕಲು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಮಂಡಲದ ಪುಸ್ತಕಗಳು ಗ್ರಾಮ ಪಂಚಾಯ್ತಿಯ ಬೀರುವಿಗೇ ಬಂದಿರಬೇಕು. 30 ದಿನದೊಳಗೆ ಉತ್ತರ ಬರಬೇಕು.

ಅಥಣಿಯಿಂದ ಅಂಗಡಿ ನಡೆಸುವ ತಾಯಿಯೊಬ್ಬರು: 2024ರ ಮೇ ತಿಂಗಳಲ್ಲಿ ಒಬ್ಬ ಅಧಿಕಾರಿ ನೋಟಿಸ್ ಇಲ್ಲದೆ ಬಂದು ನನ್ನ ಅಂಗಡಿಯ ಶೆಡ್ ಕೀಳಿಸಿದರು. ಅಕ್ಟೋಬರ್‌ನಲ್ಲಿ ಎಫ್‌ಐಆರ್ ಆಯಿತು. ಅದರಲ್ಲಿ ಬಿಎನ್‌ಎಸ್ 198, 329(3) ಅಂತಿದೆ. ನಮ್ಮ ತಮ್ಮ, 'ಅಕ್ಕಾ, ಕಲಂ ತಪ್ಪು ಹಾಕ್ಯಾರ, ಕೇಸ್ ಬೀಳ್ತದ' ಅಂತಾನೆ.

ನಿಮ್ಮ ತಮ್ಮನಿಗೆ ಅರ್ಧ ಮಾರ್ಕ್ಸ್, ಅಕ್ಕಾರೆ. ಬಿಎನ್‌ಎಸ್ ಅಂದರೆ ಭಾರತೀಯ ನ್ಯಾಯ ಸಂಹಿತೆ, ಅದು ಜಾರಿಯಾದದ್ದು 2024ರ ಜುಲೈ 1ಕ್ಕೆ. ಮೇ ತಿಂಗಳ ತಪ್ಪಿಗೆ ಹಳೇ ಐಪಿಸಿಯೇ (ಭಾರತೀಯ ದಂಡ ಸಂಹಿತೆಯೇ) ಅನ್ವಯ. ಯಾರನ್ನು ಬೇಕಾದರೂ ತಪ್ಪು ನಡೆದ ದಿನ ಇದ್ದ ಕಾನೂನಿನಡಿಯೇ ಶಿಕ್ಷಿಸಬೇಕು, ಅದು ಸಂವಿಧಾನದ 20ನೇ ವಿಧಿ. ಹಾಗಾಗಿ ಅಧಿಕಾರಿ ಕಾನೂನು ಮೀರಿ ಹಾನಿ ಮಾಡಿದ್ದಕ್ಕೆ 198ರ ಬದಲು ಐಪಿಸಿ 166, ಅತಿಕ್ರಮ ಪ್ರವೇಶಕ್ಕೆ 329(3)ರ ಬದಲು ಐಪಿಸಿ 447 ಆಗಬೇಕು. ಆದರೆ ಎಫ್‌ಐಆರ್ ಆದದ್ದು ಜುಲೈ ನಂತರ, ಆದ್ದರಿಂದ ತನಿಖೆ ನಡೆಯುವುದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ. ತಪ್ಪು ಹಳೆಯದು, ನಡಾವಳಿ ಹೊಸದು. ಕಲಂ ನಂಬರ್ ತಪ್ಪಿದ ಮಾತ್ರಕ್ಕೆ ಕೇಸ್ ಬೀಳುವುದಿಲ್ಲ. ಸರಿಪಡಿಸಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿ.

ಹೊಸ ನಡಾವಳಿಯಿಂದ ನಿಮಗೊಂದು ಲಾಭವೂ ಇದೆ. ಕೇಸ್ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕಾಗುವಂಥ ಅಧಿಕಾರಿಯಾಗಿದ್ದರೆ ಮೊದಲು ಕಡತ ವರ್ಷಗಟ್ಟಲೆ ಕೂತಿರುತ್ತಿತ್ತು. ಈಗ 218ನೇ ಕಲಂ ಪ್ರಕಾರ 120 ದಿನದಲ್ಲಿ ತೀರ್ಮಾನ ಆಗದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ.

ವಿಜಯಪುರದಲ್ಲಿ ಕೆಎಎಸ್‌ಗೆ ಓದುತ್ತಿರುವ ಒಬ್ಬ ತಂಗಿ: ಸರ್, ಆಸ್ಟ್ರೇಲಿಯಾದಲ್ಲಿ ಸರ್ಕಾರಿ ಸಂಸ್ಥೆಗಳ ಆಡಳಿತ, ಖರ್ಚು, ಲೆಕ್ಕ ಎಲ್ಲಕ್ಕೂ ಒಂದೇ ಕಾಯ್ದೆ ಅಂತ ಓದಿದೆ. ನಮ್ಮಲ್ಲಿ ಯಾಕೆ ಇಲ್ಲ?

ಒಳ್ಳೇ ಪ್ರಶ್ನೆ. ಅಲ್ಲಿಯೂ ಒಂದೇ ಏಟಿಗೆ ಆದದ್ದಲ್ಲಮ್ಮ. 1901ರ ಆಡಿಟ್ ಕಾಯ್ದೆ ತೊಂಬತ್ತಕ್ಕೂ ಜಾಸ್ತಿ ವರ್ಷ ನಡೆಯಿತು. 1997ರಲ್ಲಿ ಅದನ್ನು ತೆಗೆದು ಇಲಾಖೆಗಳಿಗೆ ಒಂದು, ನಿಗಮಗಳಂಥ ಸಂಸ್ಥೆಗಳಿಗೆ ಒಂದು, ಮಹಾಲೆಕ್ಕಪರಿಶೋಧಕರಿಗೆ ಒಂದು ಅಂತ ಮೂರು ಕಾಯ್ದೆ ಮಾಡಿದರು. ಮೊದಲ ಎರಡನ್ನು ಸೇರಿಸಿ 2013ರಲ್ಲಿ ಒಂದು ಮಾಡಿ, 2014ರ ಜುಲೈ 1ರಿಂದ ನಡೆಸಿದರು. ಈಗ ಸಂಸ್ಥೆಗಳು ಮೊದಲು ಯೋಜನೆ ಪ್ರಕಟಿಸಬೇಕು, ವರ್ಷದ ಕೊನೆಗೆ ಅಂದುಕೊಂಡದ್ದರಲ್ಲಿ ಏನಾಯಿತು ಅಂತ ಕಾರ್ಯಸಾಧನೆಯ ವರದಿ ಕೊಡಬೇಕು. ನನಗೆ ಹಿಡಿಸಿದ್ದು ಬೇರೆಯೇ. ಹಳೆಯದರಿಂದ ಹೊಸದಕ್ಕೆ ದಾಟಿಸಲೆಂದೇ 2014ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದರು. ನಾವು ಕೊನೇ ಪುಟಕ್ಕೆ ತಳ್ಳುವುದನ್ನು ಅವರು ಇಡೀ ಪುಸ್ತಕವನ್ನೇ ಮಾಡಿದರು!

ನಮ್ಮಲ್ಲಿ ಅದೇ ಕೆಲಸ ಚೂರು ಚೂರಾಗಿ ಹಂಚಿಹೋಗಿದೆ. ಟೆಂಡರ್‌ಗೆ 1999ರ ಪಾರದರ್ಶಕತೆ ಕಾಯ್ದೆ, ಸಾಲ ಮತ್ತು ಕೊರತೆಗೆ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ, ನೌಕರರ ನಡತೆಗೆ 1966ರ ನಿಯಮ ತೆಗೆದು ತಂದ 2021ರ ನಿಯಮ, ಸರ್ಕಾರಿ ಸೇವೆ ತಡವಾದರೆ 2011ರ ಸಕಾಲ ಕಾಯ್ದೆ. ಸಕಾಲದಲ್ಲಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಸೇರಿಸಿ ಒಂದು ದಪ್ಪ ಕಾಯ್ದೆ ಮಾಡುವುದಕ್ಕಿಂತ ಆ 500 ರೂಪಾಯಿಯನ್ನು ಹೆಚ್ಚಿಸಿದರೆ ನಾಡಕಚೇರಿಯ ಕ್ಯೂ ಬೇಗ ಕರಗೀತು. ಇದನ್ನು ಪರೀಕ್ಷೆಯಲ್ಲಿ ಬರೆಯಬೇಡಿ, ಮಾರ್ಕ್ಸ್ ಹೋದರೆ ನಾನು ಜವಾಬ್ದಾರನಲ್ಲ.

ಬೆಳಗಾವಿಯ ಟಿಳಕವಾಡಿಯಿಂದ ಒಂದು ಸಾಲಿನ ಪ್ರಶ್ನೆ: ಗ್ರೇಟರ್ ಬೆಂಗಳೂರು ಕಾಯ್ದೆ ಬಂತಲ್ಲ, ನಮ್ಮ ಮಹಾನಗರ ಪಾಲಿಕೆಗೂ ಅದೇನಾ?

ಅಲ್ಲ. ಅದು 2020ರ ಬಿಬಿಎಂಪಿ ಕಾಯ್ದೆಯ ಜಾಗಕ್ಕೆ ಬಂದದ್ದು, 2025ರ ಮೇ 15ರಿಂದ, ಬೆಂಗಳೂರಿಗೆ ಮಾತ್ರ. ಬೆಳಗಾವಿ, ವಿಜಯಪುರ ಪಾಲಿಕೆಗಳು 1976ರ ಪೌರ ನಿಗಮಗಳ ಕಾಯ್ದೆಯಡಿಯೇ ಇವೆ. ನಿಮ್ಮ ಆಸ್ತಿ ತೆರಿಗೆಯ ನೋಟಿಸ್ ಮೇಲ್ಭಾಗ ನೋಡಿ, ಯಾವ ಕಾಯ್ದೆ ಅಂತ ಅಲ್ಲೇ ಬರೆದಿರುತ್ತದೆ.