ಜಾಕಿ ಯಾರ ಕೈಯಲ್ಲಿತ್ತು ಮೇಡಂ?

ಈ ವಾರದ ಅಂಚೆಯಲ್ಲಿ ಅತ್ತೆ ಸೊಸೆಯರ ಪತ್ರಗಳೇ ಜಾಸ್ತಿ. ಅವರು ಇನ್ನೊಂದು ವಾರ ಕಾಯಲಿ, ಅವರ ಜಗಳ ಹೇಗೂ ಅಷ್ಟರಲ್ಲಿ ಮುಗಿಯುವುದಿಲ್ಲ. ಒಂದು ಪತ್ರ ಮಾತ್ರ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ.

ಬರೆದವರು ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ವಯಸ್ಸು 44. ಅಲ್ಲಿನ ಸೈನ್ಸ್ ವಿಭಾಗಕ್ಕೆಲ್ಲ ಅವರೊಬ್ಬರೇ ಹೆಂಗಸು. ಹಾಗಾಗಿ ಫೆಬ್ರವರಿ ಬಂತೆಂದರೆ ಬಿಡುವಿಲ್ಲ. 11ಕ್ಕೆ ವಿಜ್ಞಾನದಲ್ಲಿ ಮಹಿಳೆಯರ ದಿನ, 28ಕ್ಕೆ ವಿಜ್ಞಾನ ದಿನ, ಉಸಿರು ಬಿಡುವಷ್ಟರಲ್ಲಿ ಮಾರ್ಚ್ 8. ಸುತ್ತಲಿನ ಹೈಸ್ಕೂಲಿನವರು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ನೋಡಿ ಮಕ್ಕಳೇ, ಇವರೇ ನಿಮಗೆ ಮಾದರಿ" ಎಂದು ಹುಡುಗಿಯರಿಗೆ ತೋರಿಸುತ್ತಾರೆ.

ಈಗಿನ ಕಷ್ಟ ಇದು. ಅವರ ಸ್ವಂತ ಮಗಳು ಅದೇ ಕಾಲೇಜಿನಲ್ಲಿ, ಅವರ ಹತ್ತಿರವೇ ಫಿಸಿಕ್ಸ್ ಓದಿದವಳು. ಸೆಕೆಂಡ್ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದು, ಬಿ.ಕಾಂ. ಸೇರುತ್ತೇನೆ ಎಂದು ಹಟ ಹಿಡಿದು ಕೂತಿದ್ದಾಳೆ. ಸ್ಟಾಫ್ ರೂಮಿನಲ್ಲಿ ಕೊಂಕು ಶುರುವಾಗಿದೆ: "ಏನ್ ಮೇಡಂ, ಊರ ಹುಡುಗಿಯರಿಗೆಲ್ಲ ಸೈನ್ಸ್ ತಗೊಳ್ಳಿ ಅಂತೀರಿ, ನಿಮ್ಮ ಮಗಳೇ ಬಿಟ್ಟಳಲ್ಲ!" ಅಂಗಡಿ ಇಟ್ಟಿರುವ ಭಾವನವರು ಮಗಳ ತಲೆ ತಿರುಗಿಸಿದ್ದಾರೆ ಎಂದು ಇವರ ಅನುಮಾನ. ಮಗಳಿಗೆ ಒತ್ತಾಯ ಮಾಡಬೇಕಾ, ಇಲ್ಲ ತಾವು ಭಾಷಣ ಮಾಡುವುದನ್ನೇ ನಿಲ್ಲಿಸಬೇಕಾ ಎಂಬುದು ಪ್ರಶ್ನೆ.

ಮೊದಲು ಭಾವನವರನ್ನು ಬಿಟ್ಟುಬಿಡಿ. ಅಂಗಡಿ ನಡೆಸುವವರಿಗೆ ಲೆಕ್ಕ ಓದುವ ಹುಡುಗಿ ಕಂಡರೆ ಖುಷಿ, ಅದು ಅಪರಾಧವೇನಲ್ಲ. ಮಗಳನ್ನೂ ಬಿಟ್ಟುಬಿಡಿ. ನನ್ನ ಕಣ್ಣು ನಿಂತಿದ್ದು ನಿಮ್ಮ ಪತ್ರದ ಮೂರನೇ ಪುಟದಲ್ಲಿ. ಅಲ್ಲಿ ನೀವೊಂದು ಸಾಲು ಬರೆದು, ಮರುಸಾಲಿಗೇ ಅಡ್ಮಿಷನ್ ಫೀಸಿನ ಮಾತಿಗೆ ಹಾರಿದ್ದೀರಿ. ಆ ಸಾಲು ಹೀಗಿದೆ: "ಎರಡು ವರ್ಷದಲ್ಲಿ ಜಾಕಿ ನನ್ನ ಕೈಗೆ ಬಂದಿದ್ದೇ ಎರಡು ಸಲ ಅಮ್ಮ, ಬಾಕಿ ದಿನ ಬರೀ ರೀಡಿಂಗ್ ಬರ್ಕೊಂಡೆ, ಅಂತ ಏನೇನೋ ನೆಪ ಹೇಳುತ್ತಾಳೆ."

ನೆಪ ಅಂತೀರಾ?

ಫಿಸಿಕ್ಸ್ ಲ್ಯಾಬ್ ನೋಡದವರಿಗೆ ಒಂದು ಮಾತು. ರೆಸಿಸ್ಟೆನ್ಸ್ ಅಳೆಯಲು ಮೀಟರ್ ಬ್ರಿಡ್ಜ್ ಅಂತ ಒಂದು ಸಾಧನ ಇರುತ್ತದೆ. ಹಲಗೆಯ ಮೇಲೆ ಬಿಗಿದ ಒಂದು ಮೀಟರ್ ತಂತಿ. ಅದರ ಮೇಲೆ ಅಲ್ಲಲ್ಲಿ ಜಾಕಿ ಎಂಬ ಪುಟ್ಟ ಕಡ್ಡಿಯನ್ನು ಮುಟ್ಟಿಸುತ್ತಾ ಹೋಗಬೇಕು. ಕರೆಂಟ್ ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರುತ್ತದೆ. ಎಲ್ಲೋ ಒಂದು ಕಡೆ ಸೊನ್ನೆಯಲ್ಲಿ ನಿಲ್ಲುತ್ತದೆ. ಆ ಜಾಗ ಹುಡುಕುವುದೇ ಪ್ರಯೋಗ. ಜಾಕಿಯನ್ನು ತಂತಿಯ ಮೇಲೆ ಉಜ್ಜಬಾರದು, ಉಜ್ಜಿದರೆ ತಂತಿ ಸವೆಯುತ್ತದೆ. ಮುಟ್ಟಿ ಎತ್ತಬೇಕು, ಮತ್ತೆ ಮುಟ್ಟಿ ಎತ್ತಬೇಕು. ಇದು ಬೋರ್ಡ್ ಮೇಲೆ ಬರೆದರೆ ಬರುವ ವಿದ್ಯೆಯಲ್ಲ. ದೋಸೆ ಹೆಂಚಿನ ಹದ ಇದ್ದ ಹಾಗೆ, ಕೈಗೇ ಗೊತ್ತಾಗಬೇಕು. ಮುಳ್ಳು ಸೊನ್ನೆಗೆ ಬಂದು ನಿಂತಾಗ ಆಗುವ ಖುಷಿ ಜಾಕಿ ಹಿಡಿದವರದು. ಪಕ್ಕದಲ್ಲಿ ಪೆನ್ನು ಹಿಡಿದವಳಿಗೆ ಸಿಗುವುದು "ನಲವತ್ತೆಂಟು ಪಾಯಿಂಟ್ ಎರಡು, ಬರ್ಕೋ" ಎಂಬ ಕೂಗು.

ಈ ಅಂಕಣ ಓದುವವರಿಗೆ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದ ಮೇಲೆ ನನಗಿರುವ ಹಳೇ ದ್ವೇಷ ಗೊತ್ತು. ಅದಕ್ಕೆ ಕಾರಣ ಇದೆ. ನಾನೂ ಬರೆದುಕೊಳ್ಳುವವಳೇ ಆಗಿದ್ದೆ. ನನ್ನ ಅಕ್ಷರ ಮುದ್ದಾಗಿತ್ತು. ನಾಲ್ಕು ಜನರ ಬ್ಯಾಚಿನಲ್ಲಿ ಗ್ರಾಫ್ ಹಾಕುವುದು, ಕೋಷ್ಟಕ ಎಳೆಯುವುದು, ಮರುದಿನ ಹುಡುಗರಿಗೆ ಕಾಪಿ ಮಾಡಲು ಪುಸ್ತಕ ಕೊಡುವುದು ನನ್ನ ಕೆಲಸ. ಎಲ್ಲರೂ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಈಗ ನೋಡಿ, ಅಂಕಣ ಬರೆದುಕೊಂಡಿದ್ದೇನೆ. ಮನೆಯಲ್ಲಿ ಫ್ಯೂಸ್ ಹೋದರೆ ಪಕ್ಕದ ಮನೆ ಹುಡುಗನನ್ನು ಕರೆಯುತ್ತೇನೆ.

ನಿಮ್ಮ ಮಗಳಿಗೆ ಪ್ರಾಕ್ಟಿಕಲ್‌ನಲ್ಲಿ 30ಕ್ಕೆ 30 ಬಂದಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಜಾಕಿ ಎರಡು ಸಲ ಹಿಡಿದವಳಿಗೆ 30 ಹೇಗೆ ಬಂತು? ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾವ ರೆಸಿಸ್ಟೆನ್ಸಿಗೆ ಎಷ್ಟು ರೀಡಿಂಗ್ ಬರುತ್ತದೆ ಎಂದು ಬಾಯಿಪಾಠ ಮಾಡಿದ್ದಾಳೆ. ಪಾಪದ ಹುಡುಗಿ, ಎರಡು ವರ್ಷ ಗುಮಾಸ್ತಿಕೆ ಮಾಡಿದ್ದಾಳೆ. ಈಗ ನೇರವಾಗಿ ಲೆಕ್ಕಪತ್ರದ ಕೋರ್ಸಿಗೇ ಹೋಗುತ್ತೇನೆ ಅಂದರೆ ನಿಮಗ್ಯಾಕೆ ಆಶ್ಚರ್ಯ?

ಇನ್ನು, ನಿಮ್ಮ ಪತ್ರದಲ್ಲಿ ಅರ್ಧ ಸಾಲಿನಲ್ಲಿ ಬಂದುಹೋಗುವ ಒಬ್ಬ ಮಹಾನುಭಾವರಿದ್ದಾರೆ. "ಬ್ಯಾಚ್ ಹಾಕುವುದು ನಮ್ಮ ಸೀನಿಯರ್ ಸರ್, ಒಂದೊಂದು ಬ್ಯಾಚಿಗೂ ಇಬ್ಬರು ಹುಡುಗಿಯರಿರಲಿ, ರೆಕಾರ್ಡ್ ನೀಟಾಗಿರುತ್ತೆ ಅಂತಾರೆ." ನನ್ನ ಸಿಟ್ಟೆಲ್ಲ ಇವರ ಮೇಲೆ. ಉಪ್ಪಿನಕಾಯಿ ಬಡಿಸಿದ ಹಾಗೆ ಎಲೆಗೆ ಎರಡೆರಡು ಹುಡುಗಿಯರನ್ನು ಬಡಿಸಿದ್ದಾರೆ. ಇವರು ಕೆಟ್ಟವರಲ್ಲ ಅಂತೀರಿ, ಇರಬಹುದು. ಹುಡುಗಿಯರಿಗೆ ಗೌರವ ಕೊಡುತ್ತಾರೆ ಅಂತೀರಿ, ಅದೂ ಇರಬಹುದು. ಆದರೆ ನಿಮ್ಮ ಹತ್ತು ವರ್ಷದ ಭಾಷಣವನ್ನು ಇವರ ಒಂದು ಬ್ಯಾಚ್ ಪಟ್ಟಿ ನುಂಗಿ ನೀರು ಕುಡಿದಿದೆ. ಮತ್ತೆ ಮೇಡಂ, ಆ ನೀಟಾದ ರೆಕಾರ್ಡುಗಳಿಗೆ ಸಹಿ ಹಾಕಿದ್ದು ನೀವು.

ಪತ್ರದ ಜೊತೆ ಭಾಷಣದ ಪ್ರತಿಯನ್ನೂ ಕಳಿಸಿದ್ದೀರಿ. ಓದಿದೆ. ಹವಾಮಾನ ವಿಜ್ಞಾನಿ ಅಣ್ಣಾ ಮಣಿ ಇದ್ದಾರೆ. ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಕೊಡಿಸಿ ಅಂದ ಕಥೆ. ನನ್ನಾಣೆ, ಈ ಓಲೆಯ ಕಥೆ ಕೇಳಿ ಕೇಳಿ ಸಾಕಾಗಿದೆ. ಎಲ್ಲರೂ ಓಲೆಯ ಹತ್ತಿರವೇ ನಿಂತುಬಿಡುತ್ತಾರೆ. ಆಮೇಲೆ ಆಕೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದು, ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರ ಮತ್ತು ಮಾಣಿಕ್ಯದ ಬೆಳಕನ್ನು ಅಳೆದರು. ಫೋಟೊ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕು, ಹಾಗಾಗಿ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರು. ಸಾಧನ ಜೋಡಿಸುವಾಗ ಹೆಂಗಸೊಬ್ಬಳ ಕೈಯಲ್ಲಿ ಸಣ್ಣ ತಪ್ಪಾದರೂ ಕೆಲವು ಗಂಡಸರು ಅದನ್ನು ಊರೆಲ್ಲ ಸಾರುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಐದು ಪ್ರಬಂಧ ಪ್ರಕಟಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಅವರು ಅಳುತ್ತಾ ಕೂರಲಿಲ್ಲ. 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಅಳೆಯುವ ಸಾಧನಗಳನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಸಾಧನಗಳನ್ನು ಇಲ್ಲೇ ಮಾಡಿಸಲು ಸುಮಾರು ನೂರು ಸಾಧನಗಳ ನಕ್ಷೆ ಸಿದ್ಧಪಡಿಸಿದರು. ಕೈ ತಪ್ಪುತ್ತದೆ ಎಂದು ಯಾರನ್ನು ಆಡಿಕೊಂಡರೋ ಅವರೇ ದೇಶಕ್ಕೆ ಅಳತೆಯ ಸಾಮಾನು ಮಾಡಿಸಿಕೊಟ್ಟರು. ನಿಮ್ಮ ಭಾಷಣದಲ್ಲಿ ಇದೊಂದೂ ಇಲ್ಲ. ಓಲೆ ಇದೆ.

ಬೆಂಗಳೂರಿನ ಅದೇ ಸಂಸ್ಥೆಗೆ 1933ರಲ್ಲಿ ಬಂದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿಯವರನ್ನು ಆಗ ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂದು ಸೇರಿಸಿಕೊಳ್ಳಲಿಲ್ಲ, ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಒಳಗೆ ಬಿಟ್ಟರು. ಇದನ್ನು ನೀವು ಚೆನ್ನಾಗಿ ಹೇಳಿದ್ದೀರಿ. ರಾಮನ್ ಅವರನ್ನು ಸ್ವಲ್ಪ ಮೆತ್ತಗೆ ಬೈದಿದ್ದೀರಿ, ಆದರೂ ಸರಿ.

ಕೊನೆಯ ಸ್ಲೈಡಿಗೆ 2014ರ ಸೆಪ್ಟೆಂಬರ್ 24ರ ಫೋಟೊ. ಮಂಗಳಯಾನ ಕಕ್ಷೆ ಸೇರಿದ ದಿನ, ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ನಗುತ್ತಾ ಅಭಿನಂದಿಸಿಕೊಳ್ಳುತ್ತಿರುವ ಇಸ್ರೊ ಮಹಿಳೆಯರು. ಎಂಥ ಚೆಂದದ ಫೋಟೊ. ಅದರಲ್ಲಿರುವವರು ಆಡಳಿತ ವಿಭಾಗದವರು ಎಂದು ಇಸ್ರೊ ಆಮೇಲೆ ಹೇಳಿತು. ಅವರೂ ಸಂಸ್ಥೆಗೆ ದುಡಿದವರೇ, ನಗಲು ಅವರಿಗೆ ಹಕ್ಕಿದೆ. ಆದರೆ ನೌಕೆಯನ್ನು ದಾರಿಗೆ ಹಚ್ಚುವ ಕೆಲಸ ಮಾಡಿದ ನಂದಿನಿ ಹರಿನಾಥ್, ರಿತು ಕರಿಧಾಲ್ ಅಂಥವರಿಗೆ ಸಿಗಬೇಕಾದ ಜಾಗವನ್ನು ಆ ಒಂದು ಫೋಟೊ ಎಷ್ಟೋ ದಿನ ತುಂಬಿಕೊಂಡಿತ್ತು. ಕೆಲಸ ಮಾಡುತ್ತಿರುವ ಹೆಂಗಸಿಗಿಂತ ಚಪ್ಪಾಳೆ ತಟ್ಟುತ್ತಿರುವ ಹೆಂಗಸಿನ ಚಿತ್ರ ನಮಗೆ ಬೇಗ ಇಷ್ಟವಾಗುತ್ತದೆ, ಅಲ್ವಾ?

ಹಾಗಂತ ನೀವು ಸುಳ್ಳು ಮಾದರಿ ಎಂದು ನಾನು ಹೇಳುತ್ತಿಲ್ಲ. ನೀವು ಆ ಕಾಲೇಜಿನಲ್ಲಿರುವುದು ಜಾಸ್ತಿ ಮುಖ್ಯ, ನಿಮಗೆ ಗೊತ್ತಿರುವುದಕ್ಕಿಂತ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಯಾರಿಗೆ ಯಾವ ಪ್ರೊಫೆಸರ್ ಎಂದು ವಿದ್ಯಾರ್ಥಿಗಳು ಆರಿಸಿಕೊಳ್ಳುವಂತಿಲ್ಲ, ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಅಲ್ಲಿನ ದಾಖಲೆ ನೋಡಿ 2010ರಲ್ಲಿ ಒಂದು ಅಧ್ಯಯನ ಬಂತು. ಗಣಿತ, ವಿಜ್ಞಾನಕ್ಕೆ ಮಹಿಳಾ ಪ್ರೊಫೆಸರ್ ಸಿಕ್ಕ ಹುಡುಗಿಯರು ಹೆಚ್ಚು ಚೆನ್ನಾಗಿ ಮಾಡಿದ್ದರು. ಗಣಿತದಲ್ಲಿ ಮೊದಲೇ ಗಟ್ಟಿ ಇದ್ದ ಹುಡುಗಿಯರು ಮುಂದೆ ಅದೇ ದಾರಿ ಹಿಡಿದದ್ದೂ ಹೆಚ್ಚು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಪುಟ್ಟ ಮಕ್ಕಳದ್ದು. ಒಂದು, ಎರಡನೇ ತರಗತಿಯ 17 ಶಿಕ್ಷಕಿಯರನ್ನು ನೋಡಿದರು. ಗಣಿತ ಕಂಡರೆ ಭಯಪಡುವ ಶಿಕ್ಷಕಿಯ ಕ್ಲಾಸಿನಲ್ಲಿ ವರ್ಷದ ಕೊನೆಗೆ ಹುಡುಗಿಯರ ಗಣಿತ ಕುಂಟುತ್ತಿತ್ತು, ಹುಡುಗರದ್ದಲ್ಲ. ಆ ಟೀಚರ್‌ಗಳು ಹೆಣ್ಣುಮಕ್ಕಳಿಗೆ ಗಣಿತ ಬೇಡ ಎಂದು ಹೇಳಿರಲಿಕ್ಕಿಲ್ಲ. ಮಕ್ಕಳು ಮುಖ ನೋಡಿ ಕಲಿತವು. ನಿಮ್ಮ ಮಗಳು ಎರಡು ವರ್ಷ ಲ್ಯಾಬಿನಲ್ಲಿ ನಿಮ್ಮ ಮುಖವನ್ನೇ ನೋಡಿದ್ದಾಳೆ. ಹುಡುಗ ಜಾಕಿ ಹಿಡಿದಿದ್ದಾನೆ, ತಾನು ಪೆನ್ನು ಹಿಡಿದಿದ್ದಾಳೆ, ಅಮ್ಮ ಪಕ್ಕದಲ್ಲೇ ನಡೆದು ಹೋಗಿದ್ದಾರೆ.

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ, ನಾನು ಹೇಳುವುದು ಒಂದೇ. ಜೂನ್‌ನಲ್ಲಿ ಲ್ಯಾಬ್ ಶುರುವಾದ ಮೊದಲ ದಿನ ಬ್ಯಾಚ್ ಪಟ್ಟಿಯನ್ನು ನೀವು ಹಾಕಿ. ಇಬ್ಬಿಬ್ಬರ ಬ್ಯಾಚ್ ಮಾಡಿ. ಸಾಮಾನು ಸಾಲದಿದ್ದರೆ ಹುಡುಗಿಯರದ್ದೇ ಬ್ಯಾಚ್, ಹುಡುಗರದ್ದೇ ಬ್ಯಾಚ್ ಮಾಡಿ, ಯಾರು ಏನಾದರೂ ಅಂದುಕೊಳ್ಳಲಿ. ಈ ವಾರ ಬರೆದವರು ಮುಂದಿನ ವಾರ ಬರೆಯಕೂಡದು. ತಂತಿ ಸವೆಯಲಿ, ಒಂದೆರಡು ಗ್ಯಾಲ್ವನೋಮೀಟರ್ ಮುಳ್ಳು ಬಾಗಲಿ. ಪ್ರಿನ್ಸಿಪಾಲರು ಖರ್ಚಿನ ಲೆಕ್ಕ ಕೇಳಿದರೆ, ಹಣ್ಣಿನ ಬುಟ್ಟಿಗೆ ಎಷ್ಟಾಗುತ್ತದೆ ಎಂದು ನೀವೂ ಕೇಳಿ.

ಸೀನಿಯರ್ ಸರ್ ಅವರಿಗೆ ಬೇಜಾರಾಗುತ್ತದೆ ಎಂಬ ನಿಮ್ಮ ಹೆದರಿಕೆ ಪತ್ರದ ತುಂಬ ಇದೆ. ಆಗಲಿ ಬಿಡಿ. ರೆಕಾರ್ಡ್ ನೀಟಾಗಿ ಬರಬೇಕಿದ್ದರೆ ಹುಡುಗರಿಗೆ ಕಾಪಿ ಬರೆಸಲಿ.

ಮಗಳ ಅರ್ಜಿಗೆ ಸಹಿ ಹಾಕಿ. ಬಿ.ಕಾಂ. ಓದಿದವರು ಹಾಳಾಗಿಲ್ಲ, ಸ್ಟಾಫ್ ರೂಮಿನ ಕೊಂಕಿಗೆ ಉತ್ತರ ಕೊಡಲು ಅವಳು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಅವಳಿಗೆ ನೀವು ಕೊಡಬೇಕಾದ್ದು ಉಪದೇಶ ಅಲ್ಲ. "ನೀನು ಹೇಳಿದ್ದು ನಿಜ, ನಾನು ನೋಡಲಿಲ್ಲ" ಎಂಬ ಒಂದು ಮಾತು. ರಾತ್ರಿ ಊಟಕ್ಕೆ ಕೂತಾಗ ಹೇಳಿ, ಹೇಳಿ ಸುಮ್ಮನಾಗಿ. ಅವಳು ಅತ್ತರೆ ಅಳಲಿ.

ಆಮೇಲೆ ಲ್ಯಾಬಿಗೆ ಹೊಸ ಜಾಕಿ ತರಿಸಿ. ಎರಡು ತಿಂಗಳಾದ ಮೇಲೆ ನನಗೊಂದು ಪತ್ರ ಬರೆಯಿರಿ. ಭಾಷಣದ ಪ್ರತಿ ಬೇಡ. ಆ ಸೀನಿಯರ್ ಸರ್ ಮುಖ ಹೇಗಾಯಿತು, ಅದನ್ನಷ್ಟೇ ವಿವರವಾಗಿ ಬರೆಯಿರಿ.