ತಲಕಾಡಿನ ಮರಳು, ಶಿವನಸಮುದ್ರದ ಧುಮುಕು

ಪತ್ರದ ಸಾರ: ನದಿಯು ಬೆಟ್ಟದಲ್ಲಿ ಜಲಪಾತಗಳನ್ನೂ ಬಯಲಿನಲ್ಲಿ ಬಳುಕುಗಳನ್ನೂ (ಅಂಕುಡೊಂಕಾದ ತಿರುವುಗಳನ್ನೂ) ಕಡಲ ಬಳಿ ಮುಖಜಭೂಮಿಯನ್ನೂ ನಿರ್ಮಿಸುತ್ತದೆ ಎಂದು ಪಾಠ ಮಾಡುತ್ತಿದ್ದಾಗ, ‘ಹಾಗಾದರೆ ಕಾವೇರಿಯ ಶಿವನಸಮುದ್ರ ಜಲಪಾತವೇಕೆ ಮೈಸೂರಿನ ಬಯಲು ದಾಟಿದ ಮೇಲೆ ಬರುತ್ತದೆ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳೆಂದು ಮಂಡ್ಯ ಜಿಲ್ಲೆಯ ಶಿಕ್ಷಕರೊಬ್ಬರು ಬರೆದಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ. ತಾವು ಪಾಠ ಮಾಡಿದ ಈ ಮೂರು ಹಂತಗಳನ್ನು ನದಿಯ ಯೌವನ, ಪ್ರೌಢಾವಸ್ಥೆ, ವೃದ್ಧಾಪ್ಯ ಎನ್ನುತ್ತಾರೆ; ಈ ವಿಂಗಡಣೆಯನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಭೂಗೋಳ ವಿದ್ವಾಂಸ ವಿಲಿಯಂ ಮಾರಿಸ್ ಡೇವಿಸ್. 1899ರ ಪ್ರಸಿದ್ಧ ಪ್ರಬಂಧದಲ್ಲಿ ಅವರು ವಿವರಿಸಿದ್ದು ಒಂದು ಭೂಪ್ರದೇಶವು ಬಹು ದೀರ್ಘ ಕಾಲದಲ್ಲಿ ಸವೆಯುತ್ತಾ ಹೋಗುವ ಬಗೆಯನ್ನು. ಅದನ್ನೇ ಒಂದು ನದಿಯ ಉಗಮದಿಂದ ಸಂಗಮದವರೆಗಿನ ಉದ್ದಕ್ಕೆ ಹಾಸಿ ಹೇಳುವುದು ಪಠ್ಯಪುಸ್ತಕಗಳ ಅನುಕೂಲಕ್ಕೆ ಬೆಳೆದ ರೂಢಿ. ನೆಲ ಮತ್ತೆ ಮೇಲೆದ್ದರೆ ಮುದಿ ನದಿಯೂ ಪುನಃ ಕೊರೆಯತೊಡಗುತ್ತದೆ ಎಂಬುದನ್ನು ಡೇವಿಸ್ ಅವರೇ ಒಪ್ಪಿದ್ದರು.

ಉಗಮದಿಂದ ಎಷ್ಟು ದೂರ ಎಂಬುದಕ್ಕಿಂತ ಇಳಿಜಾರು ಎಷ್ಟು, ಕೆಳಗಿರುವ ಬಂಡೆ ಎಂಥದು ಎಂಬುದೇ ನದಿಯ ಸ್ವಭಾವವನ್ನು ನಿರ್ಧರಿಸುತ್ತದೆ. ಸಮುದ್ರಮಟ್ಟದಿಂದ 1276 ಮೀಟರ್ ಎತ್ತರದ ತಲಕಾವೇರಿಯಿಂದ ಭಾಗಮಂಡಲಕ್ಕೆ ಕಡಿದಾಗಿ ಇಳಿಯುವ ಕಾವೇರಿ, ಕುಶಾಲನಗರದ ನಂತರ ಪ್ರಸ್ಥಭೂಮಿಯ ಮೇಲೆ ನಿಧಾನಗತಿಗೆ ಬರುತ್ತಾಳೆ. ಶ್ರೀರಂಗಪಟ್ಟಣದ ಬಳಿ ಕವಲೊಡೆದು ದ್ವೀಪವನ್ನು ಸುತ್ತುತ್ತಾಳೆ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಮುಂದೆ ತಲಕಾಡಿನಲ್ಲಿ ದೊಡ್ಡ ತಿರುವು ಪಡೆಯುತ್ತಾಳೆ. ಅಲ್ಲಿ ದಡಕ್ಕೆ ಬಿದ್ದ ಮರಳನ್ನು ಗಾಳಿ ಒಳಕ್ಕೆ ಹೊತ್ತು ದೇವಾಲಯಗಳನ್ನೇ ಮುಚ್ಚಿದ್ದನ್ನು ಬಲ್ಲವರು, ಪಠ್ಯ ಹೇಳುವ ಸಂಚಯನದ (ಹೊತ್ತು ತಂದ ಮರಳು, ಮಣ್ಣನ್ನು ನದಿ ಬಿಟ್ಟುಹೋಗುವ) ಹಂತ ಇದೇ ಎಂದು ಭಾವಿಸಿದರೆ ತಪ್ಪೇನಿಲ್ಲ. (ಅಲ್ಲಿನ ಹಳೆಯ ಮಾಧವಮಂತ್ರಿ ಕಟ್ಟೆಯೂ ಮರಳು ನಿಲ್ಲಲು ಒಂದು ಕಾರಣವೆಂದು ವಾದಿಸುವವರಿದ್ದಾರೆ.) ಆದರೆ ಅಲ್ಲಿಂದ ಸ್ವಲ್ಪವೇ ಕೆಳಗೆ ಪ್ರಸ್ಥಭೂಮಿಯ ಅಂಚು ಬರುತ್ತದೆ; ಗಗನಚುಕ್ಕಿ ಮತ್ತು ಭರಚುಕ್ಕಿಗಳಲ್ಲಿ ನೀರು ಸುಮಾರು 98 ಮೀಟರ್ ಕೆಳಗಿಳಿಯುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿದ್ದು ಈ ಮೆಟ್ಟಿಲೇ.

ಗಟ್ಟಿಯಾದ ನೈಸ್ ಶಿಲೆ ಬೇಗ ಸವೆಯದಿರುವುದು ಈ ಮೆಟ್ಟಿಲು ಉಳಿದಿರುವುದಕ್ಕೆ ಒಂದು ಕಾರಣ. ಸ್ತರಭಂಗಗಳ (ಶಿಲಾಪದರಗಳು ಒಡೆದು ಸರಿದಿರುವ ಬಿರುಕುಗಳ) ಉದ್ದಕ್ಕೆ ನೆಲದ ಕೆಲವು ಭಾಗಗಳು ಮೇಲೆದ್ದಿರುವುದೂ ಕಾರಣವೆಂದು ಭೂವಿಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯ. ಹಾಗಾಗಿ ಮೇಕೆದಾಟುವಿನಲ್ಲಿ ಅಷ್ಟು ದೊಡ್ಡ ನದಿ ಇಕ್ಕಟ್ಟಾದ ಬಂಡೆಯ ಕಂದರದಲ್ಲಿ ನುಗ್ಗುತ್ತದೆ, ಹೊಗೇನಕಲ್ಲಿನಲ್ಲಿ ಮತ್ತೆ ಜಲಪಾತವಾಗುತ್ತದೆ. ಪಠ್ಯದ ಭಾಷೆಯಲ್ಲೇ ಹೇಳುವುದಾದರೆ, ಕಾವೇರಿಯ ಯೌವನ ಎರಡು ಸಲ ಬರುತ್ತದೆ.

ತಾವು ಕೇಳದ ಇನ್ನೊಂದು ಅಪವಾದವನ್ನೂ ತರಗತಿಗೆ ತಿಳಿಸಬಹುದು. ನದಿ ಕಡಲ ಬಳಿ ಅತ್ಯಂತ ಅಗಲವಾಗಿರುತ್ತದೆ ಎಂಬ ಮಾತು ಇಲ್ಲಿ ಸಲ್ಲದು. ಮೆಟ್ಟೂರು ದಾಟಿದ ಮೇಲೆ, ತಿರುಚ್ಚಿಗೆ ಮೊದಲು, ಜನ ‘ಅಖಂಡ ಕಾವೇರಿ’ ಎಂದು ಕರೆಯುವಷ್ಟು ವಿಶಾಲವಾದ ಪಾತ್ರವಿದೆ. ಅಲ್ಲಿಂದ ಮುಂದೆ ಕೊಳ್ಳಿಡಂ ಕವಲೊಡೆಯುತ್ತದೆ, ಕಲ್ಲಣೆ ಎಂಬ ಪ್ರಾಚೀನ ಅಣೆಕಟ್ಟಿನ ನಂತರ ವೆಣ್ಣಾರು ಮೊದಲಾದ ಶಾಖೆಗಳು ತಂಜಾವೂರಿನ ಗದ್ದೆಗಳಿಗೆ ನೀರನ್ನು ಹಂಚುತ್ತವೆ. ಪೂಂಪುಹಾರ್ ಬಳಿ ಸಮುದ್ರ ಸೇರುವ ಕವಲು ಕಾಲುವೆಯಷ್ಟು ಕಿರಿದು. ಕನ್ನಂಬಾಡಿ ಮತ್ತು ಮೆಟ್ಟೂರಿನ ಅಣೆಕಟ್ಟುಗಳು ಹೂಳನ್ನು ಹಿಡಿದಿಡುವುದರಿಂದ ಮುಖಜಭೂಮಿಗೆ ತಲುಪುವ ಮೆಕ್ಕಲೂ ಹಿಂದಿನಷ್ಟಿಲ್ಲ.

ಮಕ್ಕಳಿಂದ ಗ್ರಾಫ್ ಹಾಳೆಯಲ್ಲಿ ಕಾವೇರಿಯ ಎತ್ತರವನ್ನು ಊರೂರಿಗೆ ಗುರುತಿಸಿ ಗೆರೆ ಎಳೆಸಿರಿ. ಪಠ್ಯದ ಚಿತ್ರದಲ್ಲಿ ಗೆರೆ ನುಣುಪಾಗಿ ಬಾಗಿರುತ್ತದೆ. ಇವರ ಗೆರೆ ಶಿವನಸಮುದ್ರದಲ್ಲಿ ಥಟ್ಟನೆ ಕೆಳಗಿಳಿಯುತ್ತದೆ. ಪ್ರಶ್ನೆ ಕೇಳಿದ ಹುಡುಗಿಗೇ ಆ ಬಿಂದುವನ್ನು ಗುರುತಿಸಲು ಬಿಡಿ.