ಸಕ್ಕರೆ ಅರಬ್ಬಿಯಿಂದ ಬಂತೇ?

ಮಾನ್ಯರೇ,

ನಮ್ಮ ‘ಸಕ್ಕರೆ’ ಅರಬ್ಬಿಯ ‘ಸುಕ್ಕರ್’ನಿಂದ ಬಂದಿರಬೇಕು, ಇಂಗ್ಲಿಷಿನ ‘ಶುಗರ್’ ಕೂಡ ಅಲ್ಲಿಂದಲೇ ಅಲ್ಲವೇ ಎಂದು ಮಂಡ್ಯದಿಂದ ಬರೆದು ಕೇಳಿದ್ದೀರಿ. ಎರಡನೆಯ ಮಾತು ಸರಿ. ಮೊದಲನೆಯದು ತಿರುವುಮುರುವಾಗಿದೆ.

ಮೂಲ ಸಂಸ್ಕೃತದ ‘ಶರ್ಕರಾ’. ಅದರ ಹಳೆಯ ಅರ್ಥದಲ್ಲಿ ಸಿಹಿಯೇ ಇಲ್ಲ. ನೊರಜುಗಲ್ಲು, ಗರಸು ಎಂದಷ್ಟೇ. ಕಬ್ಬಿನ ಹಾಲು ಕಾಯಿಸಿ ಹರಳುಗಟ್ಟಿಸಿದ ಪದಾರ್ಥಕ್ಕೆ ಆ ಹೆಸರು ಆಮೇಲೆ ಅಂಟಿತು. ಆಯುರ್ವೇದದಲ್ಲಿ ಮೂತ್ರದೊಡನೆ ಹೋಗುವ ಸಣ್ಣ ಹರಳಿಗೂ ‘ಶರ್ಕರಾ’ ಎಂದೇ ಹೆಸರು. ಹಳೆಯ ವೈದ್ಯಗ್ರಂಥದಲ್ಲಿ ಅದನ್ನು ಕಂಡು ಸಕ್ಕರೆ ಕಾಯಿಲೆ ಎಂದುಕೊಳ್ಳಬಾರದು. ಆ ಕಾಯಿಲೆಗೆ ಅಲ್ಲಿ ‘ಮಧುಮೇಹ’ ಎನ್ನುತ್ತಾರೆ.

ಕನ್ನಡದ ರೂಪ ಅಚ್ಚುಕಟ್ಟಾದ ತದ್ಭವ. ‘ಶಾಲಾ’ ‘ಸಾಲೆ’ಯಾದಂತೆ ಶಕಾರ ಸಕಾರವಾಗಿದೆ, ಕೊನೆಯ ಆಕಾರ ಎಕಾರವಾಗಿದೆ. ‘ಅರ್ಕ’ ‘ಎಕ್ಕ’ವಾದಂತೆ ‘ರ್ಕ’ ‘ಕ್ಕ’ ಆಗಿದೆ. ‘ಸುಕ್ಕರ್’ ಬಂದಿದ್ದರೆ ಅದರ ಉಕಾರ ಉಳಿದು, ‘ಬಜಾರು’ ಎಂಬಂತೆ ‘ಸುಕ್ಕರು’ ಎನ್ನುತ್ತಿದ್ದೆವು. ಬರೀ ಸದ್ದಿನ ಹೋಲಿಕೆ ನಂಬಿದರೆ ಕೆಡುತ್ತೇವೆ: ಹಳಗನ್ನಡದ ‘ಕಕ್ಕಸ’ ಸಂಸ್ಕೃತದ ‘ಕರ್ಕಶ’ದ ತದ್ಭವ, ‘ಕಕ್ಕಸು’ ಮನೆಯಾದರೋ ಡಚ್ಚರ ಕೊಡುಗೆ!

ಪಡುವಣಕ್ಕೆ ಈ ಪದ ಎರಡು ಸಲ ಹೋಯಿತು. ಪಾಲಿಯ ‘ಸಕ್ಖರಾ’ದಂಥ ರೂಪವೊಂದು ಗ್ರೀಕಿನಲ್ಲಿ ‘ಸಾಕ್ಖರೋನ್’ ಆಯಿತು. ಆ ಮಹಾಪ್ರಾಣವೇ ಅದರ ಗುರುತು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಲೇಖಕ ಪ್ಲಿನಿ, ಅರೇಬಿಯಾದ ಸಕ್ಕರೆಗಿಂತ ಇಂಡಿಯಾದ್ದು ಮೇಲು, ಬಳಕೆ ಮಾತ್ರ ಔಷಧಕ್ಕೆ ಎಂದು ಬರೆದಿದ್ದಾನೆ. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿ ‘ಸ್ಯಾಕರಿನ್’ಗೆ ಹೆಸರು ಸಿಕ್ಕಿದ್ದು ಈ ಕವಲಿನಿಂದ. ಇನ್ನೊಂದು ಕವಲು ಪಾರ್ಸಿಯ ‘ಶಕರ್’, ಅಲ್ಲಿಂದ ಅರಬ್ಬಿಯ ‘ಸುಕ್ಕರ್’. ಸ್ಪೇನಿನವರು ಇಂಗ್ಲಿಷಿನ ‘ದಿ’ಯಂಥ ಅರಬ್ಬಿಯ ಉಪಪದ ‘ಅಲ್’ ಅನ್ನೂ ಸೇರಿಸಿಕೊಂಡು ‘ಅಸೂಕರ್’ ಎಂದರು. ಇಟಲಿಯವರು ಅದನ್ನು ಬಿಟ್ಟು ‘ತ್ಸುಕ್ಕೆರೊ’ ಎಂದರು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ‘ಶುಗರ್’ ಬಂತು.

ನೀವು ಕೇಳದ ಒಂದು ಸಂಗತಿಯೂ ಇದೆ. ಬೆಲ್ಲಕ್ಕೆ ಇಂಗ್ಲಿಷಿನವರು ಅನ್ನುವ ‘ಜಾಗರಿ’ಯೂ ಇದೇ ಪದ: ಮಲಯಾಳದ ‘ಚಕ್ಕರ’ ಪೋರ್ಚುಗೀಸರ ಬಾಯಲ್ಲಿ ‘ಜಾಗರ’ ಆಯಿತು. ‘ಕ್ಯಾಂಡಿ’ ಮಾತ್ರ ಬೇರೆ. ಅದರ ಬೇರು ತುಂಡು ಎಂಬ ಅರ್ಥದ ‘ಖಂಡ’, ನಮ್ಮ ‘ಖಂಡಸಾರಿ’ಯ ನೆಂಟ. ಅರ್ಥದಲ್ಲಿ ನೆರೆಯವರೂ ಒಂದಾಗಿಲ್ಲ. ಮಲಯಾಳದಲ್ಲಿ ‘ಶರ್ಕ್ಕರ’ ಎಂದರೆ ಇಂದಿಗೂ ಬೆಲ್ಲ. ತಮಿಳರ ‘ಸರ್ಕ್ಕರೈ ಪೊಂಗಲ್’ಗೂ ಹಾಕುವುದು ಬೆಲ್ಲವೇ. ಹೆಸರು ನೋಡಿ ಬಿಳಿ ಸಕ್ಕರೆ ಸುರಿದರೆ ಆ ಬಣ್ಣವೂ ಬರದು, ರುಚಿಯೂ ಬರದು.

– ಸಂ.